ಮುಖದ ಮೇಲೆ ಬಿಸಿಲು

"ಅವತ್ತು ನಿಮ್ಮ ಷಡ್ಡಕರಿಗೆ ಹೇಗೆ ತೋರಿಸಿದ್ರೋ, ಇವತ್ತು ನಮ್ಮ ಅತ್ತೆಗೂ ಹಾಗೇ ತೋರಿಸಿ. ಒಂದು ಮಾತೂ ಕಡಿಮೆ ಆಗಬಾರದು."

ಇನ್‌ಸ್ಪೆಕ್ಟರ್ ಹೀಗೆ ಹೇಳುವಾಗ ಲಾಂಚು ಜೆಟ್ಟಿಯ ಹಗ್ಗ ಬಿಚ್ಚಿಸಿಕೊಂಡು ಹೊಳೆಯ ನಡುವಿಗೆ ಮೂತಿ ತಿರುಗಿಸುತ್ತಿತ್ತು. ಇಂಜಿನ್ನಿನ ನಡುಕ ಪಾದದಿಂದ ಹಲ್ಲಿನವರೆಗೂ ಏರಿ ಬರುತ್ತಿತ್ತು. ಮೇಲಿನ ಡೆಕ್ಕಿನ ಕಂಬಿ ಹಿಡಿದು ನಿಂತಿದ್ದ ಚಿಕ್ಕ ಎಂಜಿನಿಯರ್ ಮುಖ ಅರಳಿಸಿದ.

"ಅದಕ್ಕೇನು ಮೇಡಂ! ಊರು ತೋರಿಸೋದು ಅಂದ್ರೆ ನಾನು ಊಟ ಬಿಟ್ಟಾದ್ರೂ ಬರ್ತೀನಿ."

ಅತ್ತೆ ಬೆಂಚಿನ ತುದಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅಪ್ಪಿಕೊಂಡು ಕೂತಿದ್ದರು. ಹೊಳೆ ಇಷ್ಟು ಅಗಲ ಇರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರು ನಂಬುವವರಲ್ಲ. ಮಗನ ಮನೆಗೆ ಮೊದಲ ಸಲ ಬಂದಿದ್ದರು. ಸೊಸೆ ದಿನವೂ "ನಾಳೆ ಊರು ತೋರಿಸ್ತೀನಿ" ಎನ್ನುತ್ತಿದ್ದಳು, ದಿನವೂ ಸ್ಟೇಷನ್ನಿಗೆ ಓಡುತ್ತಿದ್ದಳು. ಇಂದು ಕೊನೆಗೂ ಸೀರೆ ಉಟ್ಟು, ಗಂಡನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಜೊತೆಗೆ ಒಬ್ಬ ಅಪರಿಚಿತನನ್ನೂ ಕರೆತಂದಿದ್ದಳು. ಅತ್ತೆಗೆ ವಾಸನೆ ಹತ್ತಿತ್ತು.

"ಇದು ನನಗೆ ಊರು ತೋರಿಸೋಕೆ ಬಂದಿದ್ದೋ, ನಿನ್ನ ಕೆಲಸಕ್ಕೆ ಬಂದಿದ್ದೋ?" ಎಂದು ಸೊಸೆಯ ಕಿವಿಯಲ್ಲಿ ಕೇಳಿದರು.

"ಎರಡಕ್ಕೂ, ಅತ್ತೆ."

"ಅಂದ್ಕೊಂಡೆ."

ಹೊಸ ಸೇತುವೆಯನ್ನು ಕಟ್ಟಿದ ದೊಡ್ಡ ಎಂಜಿನಿಯರ್ ಕಳೆದ ಗುರುವಾರ ಮಧ್ಯಾಹ್ನ ತಮ್ಮ ಕಚೇರಿಯ ಮೆಟ್ಟಿಲಿನ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು. ಅಂದಿನಿಂದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಯಾರೋ ತಳ್ಳಿದ್ದೆಂಬುದರಲ್ಲಿ ಅನುಮಾನವಿರಲಿಲ್ಲ. ಅವರ ಅಂಗಿಯ ಎದೆಭಾಗ ಹರಿದು ಎರಡು ಗುಂಡಿಗಳು ಮೇಲಿನ ಮೆಟ್ಟಿಲ ಮೇಲೆ ಉರುಳಿದ್ದವು.

ಲಾಕಪ್ಪಿನಲ್ಲಿದ್ದವಳು ಆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಹೆಂಗಸು. ಅವರನ್ನು ಮೊದಲು ಕಂಡವಳು ಅವಳೇ, ಕೂಗಿ ಜನ ಸೇರಿಸಿದವಳೂ ಅವಳೇ. ಕೈಗೆ ರಕ್ತ ಮೆತ್ತಿಕೊಂಡಿದ್ದರಿಂದ ಮೇಲಧಿಕಾರಿಗಳಿಗೆ ಅಷ್ಟೇ ಸಾಕಾಗಿತ್ತು. ನಾಳೆ ಬೆಳಿಗ್ಗೆ ಅವಳನ್ನು ಕೋರ್ಟಿಗೆ ಹಾಜರುಪಡಿಸಬೇಕು. ಬಿದ್ದವರ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡವಳ ಕೈಗೆ ರಕ್ತವಲ್ಲದೆ ಇನ್ನೇನು ಅಂಟುತ್ತದೆ ಎಂದು ಇನ್‌ಸ್ಪೆಕ್ಟರ್ ವಾದಿಸಿ ಸೋತಿದ್ದಳು.

ಇನ್‌ಸ್ಪೆಕ್ಟರಳ ಕಣ್ಣು ಇದ್ದದ್ದು ದೊಡ್ಡ ಎಂಜಿನಿಯರರ ತಮ್ಮನ ಮೇಲೆ. ಊರೆಲ್ಲ ಚಿಕ್ಕ ಎಂಜಿನಿಯರ್ ಎಂದು ಕರೆಯುವ ಈ ಮನುಷ್ಯ ಅಣ್ಣನ ಜೊತೆಗೇ ಕಚೇರಿ ನಡೆಸುತ್ತಿದ್ದ, ಸೇತುವೆಗೆ ಅಣ್ಣನಷ್ಟೇ ದುಡಿದಿದ್ದ. ಅವನ ಉತ್ತರ ಮಾತ್ರ ಕಲ್ಲಿನಂತೆ ಗಟ್ಟಿ. ಗುರುವಾರ ಮಧ್ಯಾಹ್ನ ಹೆಂಡತಿಯ ಅಕ್ಕನಿಗೂ ಷಡ್ಡಕನಿಗೂ ಊರು ತೋರಿಸಲು ಇದೇ ಲಾಂಚಿನಲ್ಲಿದ್ದನಂತೆ. ಸಾಕ್ಷಿಗೆ ಮೂರು ಫೋಟೋ ಕೊಟ್ಟಿದ್ದ. ಊರಿಗೆ ಮರಳಿದ್ದ ಷಡ್ಡಕ ಫೋನಿನಲ್ಲಿ, "ಹೌದು ಹೌದು, ಗುರುವಾರ ಲಾಂಚಲ್ಲಿ ಕರ್ಕೊಂಡು ಹೋಗಿದ್ರು" ಎಂದಿದ್ದ.

ಆ ಮೂರು ಫೋಟೋ ಈಗ ಇನ್‌ಸ್ಪೆಕ್ಟರಳ ಕೈಚೀಲದಲ್ಲಿದ್ದವು. ಮೂರರಲ್ಲಿ ಒಂದು ಅವಳಿಗೆ ಯಾಕೋ ಒಗ್ಗುತ್ತಿರಲಿಲ್ಲ. ಏನೆಂದು ಹೇಳಲು ಬರುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅದು ಕಾಡುತ್ತಿತ್ತು.

"ಅಮ್ಮಾ, ಇಲ್ಲಿ ನೋಡಿ," ಚಿಕ್ಕ ಎಂಜಿನಿಯರ್ ತೋಳು ಚಾಚಿದ. "ಈ ಊರನ್ನ ರಸ್ತೆಯಿಂದ ನೋಡಿದವರು ಅದರ ಬೆನ್ನು ನೋಡಿದ ಹಾಗೆ. ನೀರಿಂದ ನೋಡಿದವರಿಗೇ ಮುಖ ಕಾಣೋದು. ದುಡ್ಡಿದ್ದವರು ದೊಡ್ಡ ದೊಡ್ಡ ಬೋಟು ಮಾಡ್ಕೊಂಡು ಗಾಜಿನ ಹಿಂದೆ ಕೂತ್ಕೋತಾರೆ. ನನಗೆ ಈ ಲಾಂಚೇ ಇಷ್ಟ. ಕೆಲಸಕ್ಕೆ ಹೋಗೋರ ಮಧ್ಯೆ ನಿಂತು ನೋಡಿದ್ರೆ ಊರು ನಮ್ಮದು ಅನ್ಸುತ್ತೆ."

ಹೇಳಿದ ಧಾಟಿ ಹೇಗಿತ್ತೆಂದರೆ, ಪಕ್ಕದ ಬೆಂಚಿನಲ್ಲಿ ತರಕಾರಿ ಬುಟ್ಟಿಯೊಂದಿಗೆ ಕೂತಿದ್ದ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡಳು. ಸೈಕಲ್ಲನ್ನು ಕಂಬಿಗೆ ಆನಿಸಿ ನಿಂತಿದ್ದ ಅಂಚೆಯವನು ತಲೆಯಾಡಿಸಿದ.

ಮೂಡಣ ದಡದಲ್ಲಿ ಹಳೆಯ ಉಗ್ರಾಣಗಳ ಸಾಲು ಬಂತು. ಇಟ್ಟಿಗೆಯ ಗೋಡೆ ನೇರ ನೀರಿಗೆ ಇಳಿದಿತ್ತು. ಹಡಗಿನಿಂದ ಮೂಟೆ ಎತ್ತುತ್ತಿದ್ದ ಕಬ್ಬಿಣದ ಕೊಕ್ಕೆಗಳು ಇನ್ನೂ ಪ್ರತಿ ಮಹಡಿಯಿಂದ ತಲೆ ಹಾಕಿದ್ದವು.

"ಒಂದು ಕಾಲಕ್ಕೆ ಇಡೀ ದೇಶದ ಧಾನ್ಯ ಇಲ್ಲೇ ಇಳೀತಿತ್ತು ಅಮ್ಮ. ಬರ ಬಂದ ವರ್ಷ ಈ ಊರಿನವರು ಒಂದು ಹೊತ್ತು ಊಟ ಬಿಟ್ಟು, ಇಲ್ಲಿಂದ ಮೂಟೆಗಳನ್ನ ಹೊರಗಿನವರಿಗೆ ಕಳಿಸಿದ್ರು."

"ನಮ್ಮೂರಲ್ಲೂ ಉಗ್ರಾಣ ಇದೆ," ಎಂದರು ಅತ್ತೆ. "ಇಷ್ಟು ದೊಡ್ಡದಲ್ಲ. ಆದ್ರೆ ಇಲಿ ಇಲ್ಲ."

ಅಂಚೆಯವನು ಕಿಸಕ್ಕನೆ ನಕ್ಕ. ಚಿಕ್ಕ ಎಂಜಿನಿಯರ್ ಕೂಡ ನಕ್ಕ. ನಗುವಾಗ ಅವನು ಒಳ್ಳೆಯವನಂತೆ ಕಾಣುತ್ತಿದ್ದ. ಅದೇ ಇನ್‌ಸ್ಪೆಕ್ಟರಳಿಗೆ ಕಷ್ಟವಾಗಿತ್ತು.

ಲಾಂಚು ಒಂದು ಜೆಟ್ಟಿ ಬಿಟ್ಟು ಇನ್ನೊಂದಕ್ಕೆ ಹೊಳೆಯನ್ನು ಅಡ್ಡ ಹೊಲಿಯುತ್ತ ಸಾಗಿತು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಕೋರ್ಟಿನ ಗುಮ್ಮಟ ಬಂತು. ಗ್ರಂಥಾಲಯದ ಉದ್ದನೆಯ ಕಿಟಕಿಗಳು ಬಂದವು. ಎಲ್ಲದಕ್ಕೂ ಅವನ ಹತ್ತಿರ ಕತೆಯಿತ್ತು, ಎಲ್ಲದಕ್ಕೂ ಅತ್ತೆಯ ಹತ್ತಿರ ಜವಾಬಿತ್ತು. ಗುಮ್ಮಟದ ತಾಮ್ರ ಹಸಿರಾಗಿದ್ದನ್ನು ಕಂಡು, "ಹುಣಸೇಹಣ್ಣು ಹಾಕಿ ತಿಕ್ಕಿದ್ರೆ ಬಿಡುತ್ತೆ, ಯಾರೂ ಹೇಳಲಿಲ್ವಾ?" ಎಂದರು.

ಆಮೇಲೆ ಆಸ್ಪತ್ರೆ ಬಂತು.

ಬಿಳಿಯ ಕಟ್ಟಡ, ಸಾಲು ಸಾಲು ಕಿಟಕಿ. ಚಿಕ್ಕ ಎಂಜಿನಿಯರನ ಕಣ್ಣು ಒಂದೊಂದೇ ಮಹಡಿ ಹತ್ತಿ, ಒಂದು ಕಿಟಕಿಯ ಹತ್ತಿರ ನಿಂತಿತು. ಲಾಂಚು ಮುಂದೆ ಹೋದಂತೆ ಕತ್ತು ತಿರುಗಿಸುತ್ತ ಆ ಕಿಟಕಿಯನ್ನೇ ನೋಡಿದ.

"ಅಣ್ಣ ಅಲ್ಲಿದ್ದಾರಾ?" ಊರೆಲ್ಲ ಹರಡಿದ್ದ ಸುದ್ದಿ ಕಿವಿಗೆ ಬಿದ್ದಿದ್ದ ಅತ್ತೆ ಮೆತ್ತಗೆ ಕೇಳಿದರು.

"ಹೂಂ ಅಮ್ಮ. ನನ್ನನ್ನ ಓದಿಸಿದ್ದು ಅವನೇ. ಅಪ್ಪ ಹೋದಾಗ ನಾನಿನ್ನೂ ಚಡ್ಡಿ ಹಾಕ್ತಿದ್ದೆ." ಅವನು ಕಿಟಕಿಯಿಂದ ಕಣ್ಣು ಕಿತ್ತ. "ಬನ್ನಿ, ಆ ಕಡೆ ಹೋಗೋಣ. ಈಗ ಬರೋದು ನಮ್ಮೂರಿನ ಕಿರೀಟ."

ಅಷ್ಟು ಹೊತ್ತಿಗೆ ಪಡುವಣ ದಡದಲ್ಲಿ ಗಡಿಯಾರದ ಗೋಪುರ ಎದ್ದು ನಿಂತಿತ್ತು. ಸುತ್ತಲಿನ ಮನೆಗಳು ಅದರ ಮಂಡಿಯವರೆಗೂ ಬರುತ್ತಿರಲಿಲ್ಲ. ತುದಿಯಲ್ಲಿ ಬೆಳ್ಳಗೆ, ಗಾಲಿಯಷ್ಟು ದೊಡ್ಡ ಗಡಿಯಾರ. ಲಾಂಚಿನಲ್ಲಿದ್ದವರೆಲ್ಲ ಅಭ್ಯಾಸ ಬಲದಿಂದ ತಮ್ಮ ತಮ್ಮ ಕೈಗಡಿಯಾರವನ್ನು ಒಮ್ಮೆ ನೋಡಿಕೊಂಡರು.

"ಪ್ರವಾಹ ಬಂದಾಗ ಎರಡನೇ ಮಹಡಿವರೆಗೂ ನೀರು. ಗಡಿಯಾರದವನು ಒಳಗೇ ಉಳ್ಕೊಂಡ. ಊರು ಮುಳುಗಿದ್ರೂ ಹೊತ್ತು ನಿಲ್ಲಬಾರದು ಅಂತ," ಎಂದ ಚಿಕ್ಕ ಎಂಜಿನಿಯರ್. ಅವನ ದನಿ ಉಬ್ಬಿ ಬಂದಿತ್ತು. "ನಾನು ಚಿಕ್ಕವನಿದ್ದಾಗ ದಿನಾ ಇದನ್ನ ನೋಡ್ಕೊಂಡೇ ಬೆಳೆದಿದ್ದು. ಇದಕ್ಕೆ ಸಮನಾಗಿ ಒಂದನ್ನ ಕಟ್ಟಬೇಕು ಅಂತ ಅವಾಗಲೇ ತೀರ್ಮಾನ ಮಾಡಿದ್ದೆ."

"ನಮ್ಮೂರಲ್ಲೂ ಗಡಿಯಾರ ಇದೆ," ಎಂದು ಶುರುಮಾಡಿದ ಅತ್ತೆ ಅರ್ಧಕ್ಕೇ ನಿಲ್ಲಿಸಿ ಸೊಸೆಯ ಕಡೆ ತಿರುಗಿದರು. "ಒಂದು ಫೋಟೋ ತೆಗಿಯೇ. ಗೋಪುರ ಪೂರ್ತಿ ಬರಬೇಕು. ನಾನೂ ಪೂರ್ತಿ ಬರಬೇಕು. ಮನೆಗೆ ಹೋದ ಮೇಲೆ ನೋಡಿದವರು ಇದು ಎಲ್ಲಿ ಅಂತ ಕೇಳಬಾರದು."

ಅತ್ತೆ ಕಂಬಿಗೆ ಒರಗಿ, ಸೆರಗು ಸರಿಮಾಡಿಕೊಂಡು, ಶಾಲೆಯ ಗುಂಪು ಫೋಟೋದಲ್ಲಿ ನಿಂತಂತೆ ನಿಂತರು. ಇನ್‌ಸ್ಪೆಕ್ಟರ್ ಕ್ಯಾಮೆರಾಕ್ಕೆ ಕಣ್ಣಿಟ್ಟಳು.

"ಅತ್ತೆ, ಸ್ವಲ್ಪ ಈ ಕಡೆ ಬನ್ನಿ. ಮುಖ ಕಪ್ಪಗೆ ಕಾಣ್ತಿದೆ."

"ಕಪ್ಪಗಿದ್ರೆ ಕಪ್ಪಗೇ ಕಾಣುತ್ತೆ."

"ಅದಲ್ಲ ಅತ್ತೆ. ಬಿಸಿಲು ನಿಮ್ಮ ಹಿಂದೆ ಇದೆ."

"ಒಳ್ಳೇದಾಯ್ತಲ್ಲ, ಕಣ್ಣಿಗೆ ಹೊಡೆಯಲ್ಲ. ತೆಗಿ ತೆಗಿ, ಗೋಪುರ ಹೋಗ್ಬಿಡುತ್ತೆ."

ಇನ್‌ಸ್ಪೆಕ್ಟರ್ ಗುಂಡಿ ಒತ್ತಿದಳು. ಒತ್ತಿದವಳು ಕ್ಯಾಮೆರಾ ಕೆಳಗಿಳಿಸಲಿಲ್ಲ. ಆ ಪುಟ್ಟ ಚೌಕದೊಳಗೆ ಅತ್ತೆಯ ಮುಖ ಮಬ್ಬಾಗಿ, ಹಿಂದೆ ಗೋಪುರದ ಅಂಚು ಮಾತ್ರ ಬೆಂಕಿ ಹೊತ್ತಿದ ಹಾಗೆ ಹೊಳೆಯುತ್ತಿತ್ತು.

ಹಲ್ಲಿನ ಸಂದಿಯ ನಾರು ಕಳಚಿ ನಾಲಿಗೆಗೆ ಬಂತು.

ಅವಳು ನಿಧಾನವಾಗಿ ಕೈಚೀಲ ತೆರೆದು ಒಂದು ಫೋಟೋ ಹೊರತೆಗೆದಳು.

"ಇದು ಇಲ್ಲೇ ತೆಗೆದಿದ್ದು ಅಲ್ವಾ?"

ಚಿಕ್ಕ ಎಂಜಿನಿಯರ್ ಬಗ್ಗಿ ನೋಡಿದ. "ಹೌದು ಮೇಡಂ. ಇದೇ ಜಾಗ. ಷಡ್ಡಕ ತೆಗೆದಿದ್ದು."

"ಇದೇ ಹೊತ್ತಿಗೆ?"

"ಇದೇ ಹೊತ್ತಿಗೆ. ಇದೇ ಮಧ್ಯಾಹ್ನದ ಲಾಂಚು."

"ಒಂದು ನಿಮಿಷ ಹಾಗೇ ನಿಂತ್ಕೊಳ್ಳಿ. ಫೋಟೋದಲ್ಲಿ ನಿಂತ ಹಾಗೆ."

ಅವನು ನಗುತ್ತಲೇ ಗೋಪುರಕ್ಕೆ ಬೆನ್ನು ಮಾಡಿ ಕಂಬಿಗೆ ಒರಗಿದ. ಇನ್‌ಸ್ಪೆಕ್ಟರ್ ಫೋಟೋವನ್ನು ಅವನ ಮುಖದ ಪಕ್ಕಕ್ಕೆ ಹಿಡಿದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಫೋಟೋದಲ್ಲಿ ಅವನ ಹಣೆ ಮಿರಿಮಿರಿ ಮಿಂಚುತ್ತಿತ್ತು, ಬಿಸಿಲಿಗೆ ಕಣ್ಣು ಕಿರಿದಾಗಿದ್ದವು. ಎದುರಿಗಿದ್ದವನ ಮುಖ ದೀಪ ಹಚ್ಚದ ಕೋಣೆಯಂತಿತ್ತು.

"ಈಗ ಬಿಸಿಲು ನಿಮ್ಮ ಬೆನ್ನಿಗಿದೆ," ಎಂದಳು ಅವಳು. "ಫೋಟೋದಲ್ಲಿ ಮುಖಕ್ಕಿದೆ. ಗುರುವಾರ ಸೂರ್ಯ ನಿಮಗೋಸ್ಕರ ಈ ಕಡೆಗೆ ಬಂದು ನಿಂತ್ಕೊಂಡಿದ್ನಾ?"

"ಅದು... ಲಾಂಚು ತಿರುಗಿರುತ್ತೆ ಮೇಡಂ. ವಾಪಸ್ಸು ಬರುವಾಗ..."

"ಲಾಂಚು ತಿರುಗಬಹುದು. ಗೋಪುರ ತಿರುಗಲ್ಲ. ಅದು ಪಡುವಣ ದಡದಲ್ಲೇ ಇರುತ್ತೆ. ಅದಕ್ಕೆ ಬೆನ್ನು ಹಾಕಿ ನಿಂತವನ ಮುಖಕ್ಕೆ ಬಿಸಿಲು ಬೀಳೋದು ಬೆಳಿಗ್ಗೆ ಮಾತ್ರ."

ಅವನ ನಗು ಹಾಗೇ ಉಳಿದಿತ್ತು. ಆದರೆ ಅದರೊಳಗೆ ಯಾರೂ ಇರಲಿಲ್ಲ.

"ಇನ್ನೊಂದು ಮಾತು," ಇನ್‌ಸ್ಪೆಕ್ಟರ್ ಉಳಿದೆರಡು ಫೋಟೋಗಳನ್ನು ಹೊರತೆಗೆದು ಮೂರನ್ನೂ ಒಂದರ ಮೇಲೊಂದು ಜೋಡಿಸಿದಳು. "ಇದು ಮಾತ್ರ ಬೆರಳಗಲ ಗಿಡ್ಡ. ಈಗ ತಾನೇ ನಮ್ಮೂರಿನ ಕಿರೀಟ ಅಂದ್ರಿ. ಆ ಕಿರೀಟದ ಮುಂದೆ ನಿಂತು ಫೋಟೋ ತೆಗೆಸ್ಕೊಂಡು, ಗಡಿಯಾರ ಇರೋ ಜಾಗವನ್ನೇ ಕತ್ತರಿಸಿದ್ದೀರಲ್ಲ, ಯಾಕೆ?"

ಮಾತು ಜೋರಾಗಿರಲಿಲ್ಲ. ಆದರೂ ಸುತ್ತಲಿನ ಬೆಂಚಿನವರೆಲ್ಲ ಇತ್ತ ತಿರುಗಿದರು. ತರಕಾರಿ ಬುಟ್ಟಿಯ ಹೆಂಗಸು ಅತ್ತೆಯ ಕಡೆ ಜರುಗಿ, "ಯಾರಮ್ಮ ಆಕೆ?" ಎಂದು ಪಿಸುಗುಟ್ಟಿದಳು.

ಅತ್ತೆ ಇಷ್ಟು ವರ್ಷ ಯಾರೇ ಕೇಳಲಿ, ಸೊಸೆಗೆ "ಯಾವುದೋ ಸರ್ಕಾರಿ ಕೆಲಸ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಪೊಲೀಸ್ ಎಂದರೆ ನೆಂಟರು ಹುಬ್ಬು ಏರಿಸುತ್ತಾರೆಂಬ ಅಳುಕು. ಈಗ ಅವರು ಕೈಚೀಲವನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತರು.

"ನನ್ನ ಸೊಸೆ," ಎಂದರು, ಡೆಕ್ಕಿನ ಆ ತುದಿಗೂ ಕೇಳುವ ಹಾಗೆ. "ಪೊಲೀಸ್ ಇನ್‌ಸ್ಪೆಕ್ಟರ್. ನನ್ನ ಸ್ವಂತ ಸೊಸೆ."

ಇನ್‌ಸ್ಪೆಕ್ಟರಳ ಕಿವಿ ಬಿಸಿಯಾಯಿತು. ಕೇಳಿಸದವಳಂತೆ ಅವಳು ಚಿಕ್ಕ ಎಂಜಿನಿಯರನ ಮುಖದಿಂದ ಕಣ್ಣು ಕೀಳಲಿಲ್ಲ. ಆದರೆ ಬೆನ್ನು ತಾನೇ ತಾನಾಗಿ ಒಂದಿಷ್ಟು ನೆಟ್ಟಗಾಯಿತು.

"ಕತ್ತರಿಯಿಂದ ಕತ್ತರಿಸಿದೆ," ಎಂದ ಅವನು ಕೊನೆಗೆ. ದನಿ ಕುಸಿದಿತ್ತು. "ಗಡಿಯಾರದಲ್ಲಿ ಬೆಳಗಿನ ಹೊತ್ತು ಕಾಣ್ತಿತ್ತು. ಆ ಚೂರನ್ನ ಕಸದ ಬುಟ್ಟಿಗೆ ಹಾಕೋಕೂ ಮನಸ್ಸಾಗಲಿಲ್ಲ. ಹೊಳೆಗೆ ಬಿಟ್ಟೆ. ನಾಚಿಕೆ ಆಯ್ತು ಮೇಡಂ."

"ಷಡ್ಡಕರನ್ನ ಬೆಳಿಗ್ಗೆ ಕರ್ಕೊಂಡು ಬಂದಿದ್ರಿ."

"ಹೂಂ. ಅವರು ಸುಳ್ಳು ಹೇಳಲಿಲ್ಲ. ನೀವು ಗುರುವಾರನಾ ಅಂತ ಕೇಳಿದ್ರಿ, ಅವರು ಗುರುವಾರ ಅಂದ್ರು."

ಅದು ನಿಜ. ಫೋನು ಮಾಡಿದ್ದ ಕಾನ್ಸ್‌ಟೇಬಲ್ ದಿನವನ್ನು ಕೇಳಿದ್ದ, ಹೊತ್ತನ್ನು ಕೇಳಿರಲಿಲ್ಲ. ಇನ್‌ಸ್ಪೆಕ್ಟರ್ ಒಳಗೊಳಗೇ ಹಲ್ಲು ಕಡಿದಳು.

"ಮಧ್ಯಾಹ್ನ ಎಲ್ಲಿದ್ರಿ?"

"ಕಚೇರಿಯಲ್ಲಿ. ಅಣ್ಣನ ಹತ್ತಿರ."

"ಜಗಳ ಆಯ್ತಾ?"

"ಆಯ್ತು. ಜೀವಮಾನದಲ್ಲೇ ಅಷ್ಟು ದೊಡ್ಡ ಜಗಳ ಆಗಿರಲಿಲ್ಲ. ಆದ್ರೆ ನಾನು ಕೈ ಮಾಡಿಲ್ಲ. ನಾನು ಬಾಗಿಲು ಬಡಿದು ಮೆಟ್ಟಿಲು ಇಳಿದು ಬರುವಾಗ ಅಣ್ಣ ಮೇಲೆ ನಿಂತಿದ್ದ. ನನ್ನ ಹೆಸರು ಹಿಡಿದು ಕೂಗ್ತಿದ್ದ. ನಾನು ತಿರುಗಿ ನೋಡಲಿಲ್ಲ."

"ಇದನ್ನ ಮೊದಲೇ ಹೇಳಬಹುದಿತ್ತು. ನಿಮ್ಮಿಂದಾಗಿ ಒಬ್ಬಳು ಲಾಕಪ್ಪಿನಲ್ಲಿ ಕೂತಿದ್ದಾಳೆ."

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಯಾರು ನಂಬ್ತಿದ್ರು? ಅಣ್ಣನನ್ನ ತಳ್ಳಿದ ತಮ್ಮ ಅಂತ ಊರೆಲ್ಲ ಆಗ್ತಿತ್ತು. ಸೇತುವೆ ಉದ್ಘಾಟನೆ ಹತ್ತಿರ ಬಂದಿತ್ತು. ಅದು ಮುಗಿಯೋವರೆಗಾದ್ರೂ..." ಅವನು ಮುಂದೆ ಕೈ ತೋರಿಸಿದ. "ನೋಡಿ."

ಹೊಳೆ ತಿರುವು ತೆಗೆದುಕೊಂಡಿತ್ತು. ತಿರುವಿನಾಚೆ ಎರಡು ದಡಗಳ ನಡುವೆ, ಯಾರೋ ಒಂದೇ ಉಸಿರಿಗೆ ಎಳೆದ ಗೆರೆಯಂತೆ ಹೊಸ ಸೇತುವೆ ತೂಗಿತ್ತು. ಕಾಲ್ನಡಿಗೆಯವರಿಗೆಂದೇ ಕಟ್ಟಿದ್ದು. ಎರಡು ತೆಳ್ಳನೆಯ ಕಂಬ, ಅವುಗಳಿಂದ ಇಳಿದ ಉಕ್ಕಿನ ಹಗ್ಗಗಳು, ನಡುವೆ ಬೆಳ್ಳನೆಯ ಹಾದಿ. ಇಳಿಬಿಸಿಲಿಗೆ ಪ್ರತಿ ಹಗ್ಗವೂ ಮೀಟಿದ ತಂತಿಯಂತೆ ಮಿನುಗುತ್ತಿತ್ತು. ಅಷ್ಟು ದೊಡ್ಡ ಹೊಳೆಯನ್ನು ಅಷ್ಟು ಕಡಿಮೆ ಕಬ್ಬಿಣ ದಾಟಬಲ್ಲದೆಂದು ಕಣ್ಣಾರೆ ಕಂಡರೂ ನಂಬಿಕೆ ಬರುತ್ತಿರಲಿಲ್ಲ.

ಲಾಂಚಿನಲ್ಲಿದ್ದವರು ದಿನಾ ನೋಡುವವರೇ. ಆದರೂ ಒಬ್ಬೊಬ್ಬರಾಗಿ ಎದ್ದು ಕಂಬಿಯ ಹತ್ತಿರ ಬಂದರು. "ನಮ್ಮ ಸೇತುವೆ," ಎಂದ ಅಂಚೆಯವನು, ಯಾರಿಗೆಂದಿಲ್ಲದೆ.

ಅತ್ತೆ ಕಂಬಿ ಹಿಡಿದು ಸೇತುವೆಯನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದರು. ಆಮೇಲೆ ಸಣ್ಣಗೆ ಹೇಳಿದರು: "ಇದು ನಮ್ಮೂರಲ್ಲಿ ಇಲ್ಲ."

ಚಿಕ್ಕ ಎಂಜಿನಿಯರನ ಕಣ್ಣು ತುಂಬಿ ಬಂತು. ಕೊರಳಿಗೆ ಉರುಳು ಬಿಗಿಯುತ್ತಿರುವ ಆ ಗಳಿಗೆಯಲ್ಲೂ ಅವನು ಎದೆಯುಬ್ಬಿಸಿದ್ದನ್ನು ಇನ್‌ಸ್ಪೆಕ್ಟರ್ ಕಂಡಳು.

"ಜಗಳ ಯಾಕಾಯ್ತು ಅಂತ ನಾನೇ ಹೇಳ್ತೀನಿ," ಎಂದಳು. "ಸೇತುವೆಯ ಬಾಯಿಯಲ್ಲಿ ಹೆಸರಿನ ಕಲ್ಲು ಇಡ್ತಾರೆ. ಅದರಲ್ಲಿ ನಿಮ್ಮ ಹೆಸರು ಇರಲಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಒಂಥರಾ ನಕ್ಕ.

"ಉಲ್ಟಾ ಮೇಡಂ. ಕಲ್ಲಲ್ಲಿ ಇಬ್ಬರ ಹೆಸರೂ ಇತ್ತು. ಅಕ್ಷರ ಕೆತ್ತಿ ಆಗಿತ್ತು. ಗುರುವಾರ ನಾನು ಒಳಗೆ ಕಾಲಿಟ್ಟ ತಕ್ಷಣ ಅಣ್ಣ ಅಂದ, ಆ ಕಲ್ಲು ತೆಗೆಸು. ನನ್ನ ಹೆಸರೂ ಬೇಡ, ನಿನ್ನದೂ ಬೇಡ, ಅಂತ."

"ಯಾಕಂತೆ?"

"ಕೇಳಲಿಲ್ಲ."

"ಕೇಳಲಿಲ್ವಾ?"

"ಅವನು ಯಾವಾಗಲೂ ಹಾಗೇ ಮೇಡಂ. ಕೆಲಸ ಮಾತಾಡಲಿ, ನಾವು ಮಾತಾಡೋದು ಬೇಡ ಅಂತ ನನ್ನ ಬಾಯಿ ಮುಚ್ಚಿಸ್ತಾನೇ ಇದ್ದ. ಮತ್ತೆ ಅದೇ ಉಪದೇಶ ಅಂದ್ಕೊಂಡೆ. ಇಷ್ಟು ವರ್ಷ ದುಡಿದಿದ್ದೀವಿ, ಹೆಮ್ಮೆ ಪಡೋದು ತಪ್ಪಾ ಅಂತ ಕೂಗಾಡಿದೆ. ಅವನು ಏನೋ ಹೇಳೋಕೆ ಬಂದ. ಬಿಡಲಿಲ್ಲ ನಾನು. ಅವನು ಸುಮ್ನೆ ಮೇಜಿನ ಮೇಲೆ ಆ ಬೋಲ್ಟನ್ನ ಉರುಳಿಸ್ತಾ ಕೂತಿದ್ದ."

ಇನ್‌ಸ್ಪೆಕ್ಟರಳ ಬೆರಳುಗಳು ಕಂಬಿಯ ಮೇಲೆ ಬಿಗಿಯಾದವು.

"ಯಾವ ಬೋಲ್ಟು?"

"ಸೇತುವೆಯದು. ಹಗ್ಗಗಳನ್ನ ಹಾದಿಗೆ ಬಿಗಿಯುವಂಥದ್ದು. ಹೆಬ್ಬೆರಳಿಗಿಂತ ದಪ್ಪ. ಮಧ್ಯಕ್ಕೆ ಮುರಿದು ಎರಡು ತುಂಡಾಗಿತ್ತು. ಒಂದು ತುಂಡನ್ನ ಅಂಗೈಯಡಿ ಇಟ್ಟು ಹಿಂದೆ ಮುಂದೆ ಉರುಳಿಸ್ತಿದ್ದ. ಆ ಸದ್ದಿಗೇ ನನಗೆ ಇನ್ನಷ್ಟು ತಲೆ ಕೆಡ್ತು."

ಗುರುವಾರ ಸಂಜೆ ಆ ಕೋಣೆಯನ್ನು ಇನ್‌ಸ್ಪೆಕ್ಟರ್ ತಾನೇ ಜಾಲಾಡಿದ್ದಳು. ಮೇಜಿನ ಮೇಲೆ ಪೆನ್ಸಿಲ್ಲು, ಅಳತೆಪಟ್ಟಿ, ಆರಿದ ಕಾಫಿ, ಸೇತುವೆಯ ಮರದ ಮಾದರಿ ಇದ್ದವು. ಡ್ರಾಯರುಗಳನ್ನು ಎಳೆದು ನೋಡಿದ್ದಳು, ಬುಟ್ಟಿ ಸುರಿದು ನೋಡಿದ್ದಳು. ಮುರಿದದ್ದಾಗಲಿ ಇಡಿಯದಾಗಲಿ, ಅಲ್ಲಿ ಯಾವ ಬೋಲ್ಟೂ ಇರಲಿಲ್ಲ.

ತಮ್ಮ ಇಳಿದು ಹೋದ ಮೇಲೆ ಇನ್ಯಾರೋ ಬಂದಿದ್ದಾರೆ. ಬಂದವರಿಗೆ ಬೇಕಾಗಿದ್ದು ಆ ಎರಡು ತುಂಡು ಕಬ್ಬಿಣ.

"ನೀವು ಎಂಜಿನಿಯರ್," ಎಂದಳು ಅವಳು, ಒಂದೊಂದು ಮಾತನ್ನೂ ಬಿಡಿಸಿ. "ಹೇಳಿ. ಹೊಸ ಸೇತುವೆಯ ಬೋಲ್ಟು ಮುರಿಯೋದು ಯಾವಾಗ?"

ಇಷ್ಟು ದಿನ ತನ್ನ ಸಿಟ್ಟಿನ ಹಿಂದೆ ಅವಿತುಕೊಂಡಿದ್ದ ಉತ್ತರ ಈಗ ಎದುರಿಗೆ ಬಂದು ನಿಂತದ್ದು ಅವನ ಮುಖದಲ್ಲೇ ಕಂಡಿತು.

"ಅದು ಮುರಿಯಲ್ಲ ಮೇಡಂ," ಎಂದ ತೊದಲುತ್ತ. "ನಾವು ಹೇಳಿದ ಉಕ್ಕಾದ್ರೆ... ಅದು ಮುರಿಯೋಕೇ ಆಗಲ್ಲ."

"ಹಾಗಾದ್ರೆ ನೀವು ಹೇಳಿದ ಉಕ್ಕು ಅದಲ್ಲ. ಯಾರೋ ಕಳಪೆ ಮಾಲು ಹಾಕಿದ್ದಾರೆ."

ಅವನು ಕತ್ತೆತ್ತಿ ಸೇತುವೆಯನ್ನು ನೋಡಿದ. ಮಗುವಿಗೆ ಜ್ವರ ಬಂದಿದೆಯೆಂದು ತಿಳಿದ ತಂದೆ ನೋಡುವ ನೋಟ ಅದು.

ಲಾಂಚು ವೇಗ ತಗ್ಗಿಸಿ ಸೇತುವೆಯ ಕೆಳಗಿನ ಪಡುವಣ ದಡದ ಜೆಟ್ಟಿಯತ್ತ ಹೊರಳಿತು. ಜೆಟ್ಟಿಯ ತುದಿಯಲ್ಲಿ ಒಬ್ಬ ಕಾನ್ಸ್‌ಟೇಬಲ್ ಟೋಪಿಯನ್ನು ಕೈಯಲ್ಲಿ ಹಿಡಿದು ಬೀಸುತ್ತಿದ್ದ. ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ.

"ಮೇಡಂ! ಆಸ್ಪತ್ರೆಯಿಂದ ಫೋನು! ದೊಡ್ಡ ಎಂಜಿನಿಯರ್‌ಗೆ ಎಚ್ಚರ ಆಯ್ತು!"

ಚಿಕ್ಕ ಎಂಜಿನಿಯರ್ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನ ಗಂಟಲಿನಿಂದ ಹೊರಟದ್ದು ಅಳುವೋ ನಗುವೋ ತಿಳಿಯಲಿಲ್ಲ. ಅತ್ತೆ ತಮಗೇ ಗೊತ್ತಿಲ್ಲದಂತೆ ಅವನ ತೋಳು ತಟ್ಟಿದರು.

"ಮಾತಾಡಿದ್ರಾ?" ಇನ್‌ಸ್ಪೆಕ್ಟರ್ ಕೂಗಿ ಕೇಳಿದಳು. "ಯಾರು ತಳ್ಳಿದ್ದು ಅಂದ್ರು?"

"ಅದನ್ನೇ ಕೇಳಿದ್ರಂತೆ ಮೇಡಂ. ಅದಕ್ಕೆ ಉತ್ತರಾನೇ ಕೊಡ್ತಿಲ್ವಂತೆ. ಹಾಸಿಗೆಯಿಂದ ಏಳೋಕೆ ನೋಡ್ತಿದ್ದಾರಂತೆ. ಒಂದೇ ಮಾತು, ಹೇಳಿದ್ದನ್ನೇ ಹೇಳ್ತಿದ್ದಾರಂತೆ."

"ಏನಂತ?"

"ಸೇತುವೆ ಮೇಲೆ ಯಾರೂ ಹತ್ತಿಲ್ಲ ತಾನೇ, ಅಂತ."

ಆಗಲೇ ತಲೆಯ ಮೇಲೆ ಡೋಲು ಮೊಳಗಿತು.

ಎಲ್ಲರೂ ಕತ್ತೆತ್ತಿದರು. ಮೂಡಣ ದಡದ ಮೆಟ್ಟಿಲುಗಳಿಂದ ಕೆಂಪು ಕೋಟಿನವರ ಸಾಲೊಂದು ಸೇತುವೆಗೆ ಏರುತ್ತಿತ್ತು. ಡೋಲು, ಕಹಳೆ, ಹಿಂದೆ ಶಾಲೆಯ ಹೆಣ್ಣುಮಕ್ಕಳ ಕವಾಯತು. ಉದ್ಘಾಟನೆಯ ತಾಲೀಮು. ಎಡ, ಬಲ, ಎಡ, ಬಲ. ಅಷ್ಟೂ ಕಾಲುಗಳು ಒಂದೇ ಕಾಲಿನಂತೆ ಬೆಳ್ಳನೆಯ ಹಾದಿಯನ್ನು ತಟ್ಟುತ್ತ ನಡುವಿನ ಕಡೆಗೆ ನಡೆದು ಬರುತ್ತಿದ್ದವು.

ಲಾಂಚು ಜೆಟ್ಟಿಗೆ ತಾಗುವ ಮುಂಚೆಯೇ ಚಿಕ್ಕ ಎಂಜಿನಿಯರ್ ಕೆಳಗಿನ ಡೆಕ್ಕಿಗೆ ಇಳಿದು ಹಾರಿದ. ಕಾನ್ಸ್‌ಟೇಬಲ್ ಹಿಡಿಯಲು ಕೈ ಚಾಚಿದ.

"ಬಿಡು ಅವರನ್ನ!" ಇನ್‌ಸ್ಪೆಕ್ಟರ್ ಅರಚಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಹಾರಿದಳು.

ಅವನು ಪಡುವಣ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಸೇತುವೆಯ ಮೇಲೆ ಓಡಿದ. ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಬೀಸಿದ. "ಹೆಜ್ಜೆ ನಿಲ್ಲಿಸಿ! ಹಿಂದಕ್ಕೆ ಹೋಗಿ!" ಎಂದು ಬಾಯಿ ಬಿಚ್ಚಿ ಕೂಗಿದ. ಡೋ‌ಲಿನ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ.

ಬ್ಯಾಂಡಿನ ಮುಂದಾಳು ಅವನನ್ನು ಕಂಡ. ಗುರುತು ಹಿಡಿದ. ಸೇತುವೆ ಕಟ್ಟಿದವರೇ ಎದುರುಗೊಳ್ಳಲು ಬಂದಿದ್ದಾರೆ, ಕೈಯೆತ್ತಿ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಅವನ ಎದೆ ಹಿಗ್ಗಿತು. ಹಿಂದೆ ತಿರುಗಿ, ಇನ್ನೂ ಜೋರಾಗಿ ಎಂದು ಕೋಲು ಎತ್ತಿದ.